ಐದು ಕಡೆ ಸಾಲ, ಒಂದು ಬೋನಸ್: ಮೊದಲು ಯಾವುದಕ್ಕೆ ಕಟ್ಟಲಿ?

ಹಾಸನದ_ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪೋಸ್ಟ್, ಸಹಿಸಿಕೊಳ್ಳಿ.

ಹಾಸನದಲ್ಲಿ ಖಾಸಗಿ ಕೆಲಸ. ಕೈಗೆ ಬರುವ ಸಂಬಳ 46,000. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ತಿಂಗಳಿಗೆ 7,000 ಆಸುಪಾಸು. ಅಮ್ಮನಿಗೆ ಗೃಹಲಕ್ಷ್ಮಿ 2,000, ಅದು ಬಂದ ತಿಂಗಳು ಬಂತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನಾವಿಬ್ಬರು, ಒಟ್ಟು ಆರು ಜನ. ಮೊದಲು ಅಪ್ಪನ ಆಪರೇಷನ್ ಆಯಿತು, ಅದರ ಬೆನ್ನಿಗೇ ತಂಗಿ ಮದುವೆ. ಅಲ್ಲಿಂದ ಶುರುವಾದ ಸಾಲಗಳು ಇವು:

ಕ್ರೆಡಿಟ್ ಕಾರ್ಡ್ ಬಾಕಿ 1,10,000. ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ. ಮಿನಿಮಮ್ 5,500 ಕಟ್ಟುತ್ತಿದ್ದೇನೆ.
ಪರ್ಸನಲ್ ಲೋನ್ 3,20,000 ಉಳಿದಿದೆ. ವರ್ಷಕ್ಕೆ 15 ಪರ್ಸೆಂಟ್, ಕಂತು 11,100, ಇನ್ನೂ 3 ವರ್ಷ.
ಬೈಕ್ ಸಾಲ, 3,200ರ ಹತ್ತು ಕಂತು ಬಾಕಿ.
ಹೆಂಡತಿಯ ಹೆಸರಲ್ಲಿ ಸಂಘದ ಸಾಲ 60,000. ವಾರಕ್ಕೆ 900.
ಭಾವ (ಅಕ್ಕನ ಗಂಡ) ಕೊಟ್ಟ ಕೈಸಾಲ 1,50,000. ಬಡ್ಡಿ ಇಲ್ಲ, ಪತ್ರ ಇಲ್ಲ.

ಖರ್ಚು: ಬಾಡಿಗೆ 9,500. ದಿನಸಿ, ಹಾಲು, ತರಕಾರಿ, ಗ್ಯಾಸ್ 10,500. ಸ್ಕೂಲ್ ಫೀಸು ತಿಂಗಳ ಲೆಕ್ಕಕ್ಕೆ 4,000. ಅಪ್ಪ ಅಮ್ಮನ ಮಾತ್ರೆ 2,500. ಪೆಟ್ರೋಲ್, ಫೋನ್, ಚಿಲ್ಲರೆ 3,500. ಗೃಹಜ್ಯೋತಿ ಇರುವುದರಿಂದ ಕರೆಂಟ್ ಬಿಲ್ ಇಲ್ಲ.

ಎಲ್ಲ ಕೂಡಿ ಕಳೆದರೆ ಪೇಪರ್ ಮೇಲೆ 1,300 ಉಳಿಯುತ್ತದೆ. ನಿಜದಲ್ಲಿ 20ನೇ ತಾರೀಖಿಗೇ ಕೈ ಖಾಲಿ.

ಈಗ ದೀಪಾವಳಿ ಬೋನಸ್ 40,000 ಬರಲಿದೆ. ಭಾವ ಮನೆ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದಾರೆ. ಅವರು ಬಾಯಿಬಿಟ್ಟು ಕೇಳಿಲ್ಲ, ಆದರೆ ಅಕ್ಕ ಫೋನ್ ಮಾಡಿದಾಗಲೆಲ್ಲ ಸಿಮೆಂಟ್ ರೇಟ್ ಹೇಳುತ್ತಾಳೆ. ಹೆಂಡತಿ "ಪೂರ್ತಿ ಭಾವನಿಗೇ ಕೊಡಿ" ಅನ್ನುತ್ತಾಳೆ. ಆಫೀಸಿನ ಗೆಳೆಯ "ಕಾರ್ಡಿಗೆ ಹಾಕು" ಅನ್ನುತ್ತಾನೆ. ನೀವೇನು ಹೇಳುತ್ತೀರಿ?

ಲೆಕ್ಕದ_ಮೇಷ್ಟ್ರು
ಕಾರ್ಡ್. ಕಣ್ಣು ಮುಚ್ಚಿಕೊಂಡು ಕಾರ್ಡ್.

1,10,000ಕ್ಕೆ 3.5 ಪರ್ಸೆಂಟ್ ಅಂದರೆ ತಿಂಗಳಿಗೆ 3,850 ಬಡ್ಡಿ. ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 693. ಒಟ್ಟು 4,543. ನೀವು ಕಟ್ಟುವ 5,500ರಲ್ಲಿ ಅಸಲಿಗೆ ಹೋಗುವುದು 957 ರೂಪಾಯಿ. ಸಾವಿರವೂ ಇಲ್ಲ. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಕೇಳುವವನನ್ನು ನಾವು ಬಡ್ಡಿಕೋರ ಅಂತ ಬೈಯುತ್ತೇವೆ. ಇದು ಅವನಿಗಿಂತ ದುಬಾರಿ, ಆದರೆ ಪ್ಲಾಸ್ಟಿಕ್‌ನಲ್ಲಿ ಬರುತ್ತದೆ ಅನ್ನುವ ಕಾರಣಕ್ಕೆ ಮರ್ಯಾದೆ.

ಮಲ್ನಾಡ್_ಮಳೆ
ಒಂದೇ ಪ್ರಶ್ನೆ. 20ನೇ ತಾರೀಖಿನ ಮೇಲೆ ದಿನಸಿ ಯಾವುದರಲ್ಲಿ ತರುತ್ತೀರಿ?

ಹಾಸನದ_ಹುಡುಗ
@ಮಲ್ನಾಡ್_ಮಳೆ ಅದೇ ಕಾರ್ಡಿನಲ್ಲಿ. ಎರಡು ಮೂರು ಸಾವಿರ ಅಷ್ಟೇ.

ಮಲ್ನಾಡ್_ಮಳೆ
ಹಾಗಾದರೆ ಮೇಷ್ಟ್ರು ಹೇಳಿದ 957 ಕೂಡ ಇಳಿಯುತ್ತಿಲ್ಲ ಸ್ವಾಮಿ. ಬಾಕಿ ಏರುತ್ತಿದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹಳೆ ಬಾಕಿ ಪೂರ್ತಿ ಕಟ್ಟದೆ ಮುಂದಕ್ಕೆ ತಳ್ಳಿದರೆ ಆ 45-50 ದಿನದ ಬಡ್ಡಿ ಇಲ್ಲದ ಅವಧಿ ಸಿಗುವುದಿಲ್ಲ. ಹೊಸದಾಗಿ ತಂದ ಎಣ್ಣೆ, ಬೇಳೆಗೂ ತಂದ ದಿನದಿಂದಲೇ ಬಡ್ಡಿ. ಅಂದರೆ ನಿಮ್ಮ ಮನೆ ತೊಗರಿಬೇಳೆ ವರ್ಷಕ್ಕೆ 40 ಪರ್ಸೆಂಟ್ ಮೇಲಿನ ಬಡ್ಡಿಯಲ್ಲಿ ಬೇಯುತ್ತಿದೆ. ಯಾವುದಕ್ಕೆ ಮೊದಲು ಕಟ್ಟುವುದು ಅನ್ನುವ ಪ್ರಶ್ನೆ ಆಮೇಲೆ. ಮೊದಲು ಆ ಕಾರ್ಡ್ ಉಜ್ಜುವುದು ನಿಲ್ಲಬೇಕು.

ನಿವೃತ್ತ_ಬ್ಯಾಂಕಿಗ
ಮೇಷ್ಟ್ರ ಲೆಕ್ಕಕ್ಕೆ ಒಂದು ತಿದ್ದುಪಡಿ. ಮಿನಿಮಮ್ ಅಂದರೆ ಬಾಕಿಯ 5 ಪರ್ಸೆಂಟ್ ಅನ್ನುವುದು ಎಲ್ಲ ಬ್ಯಾಂಕಿಗೂ ಒಂದೇ ರೀತಿ ಅಲ್ಲ. ಕೆಲವರು ಬಡ್ಡಿ, ತೆರಿಗೆ ಪೂರ್ತಿ ಸೇರಿಸಿ ಅದರ ಮೇಲೆ ಅಸಲಿನ ಒಂದು ಪಾಲು ಕೇಳುತ್ತಾರೆ. ಮಿನಿಮಮ್ ಕಟ್ಟಿದರೂ ಸಾಲ ಬೆಳೆಯುತ್ತಾ ಹೋಗುವ ಹಾಗಿರಬಾರದು ಅಂತ ಆರ್‌ಬಿಐ 2022ರ ನಿಯಮದಲ್ಲೇ ಹೇಳಿದೆ. ಸ್ಟೇಟ್‌ಮೆಂಟ್‌ನ ಎರಡನೇ ಪುಟ ಯಾರೂ ಓದುವುದಿಲ್ಲ. ಓದಿ.

ಆದರೆ ತೀರ್ಮಾನ ಅದೇ, ಕಾರ್ಡ್ ಮೊದಲು.

ದಾವಣಗೆರೆ_ಬೆಣ್ಣೆ
ನಾನು ಒಪ್ಪಲ್ಲ. ಬೈಕ್ ಸಾಲ ಮುಗಿಸಿ.

40,000ದಲ್ಲಿ 30,000 ಚಿಲ್ಲರೆ ಕೊಟ್ಟರೆ ಬೈಕ್ ಸಾಲ ಪೂರ್ತಿ ಮುಕ್ತಾಯ. ಮುಂದಿನ ತಿಂಗಳಿಂದ 3,200 ಕೈಯಲ್ಲಿ ಉಳಿಯುತ್ತದೆ. ಅದೇ 30,000 ಕಾರ್ಡಿಗೆ ಹಾಕಿದರೆ ಮಿನಿಮಮ್ 5,500 ಇದ್ದದ್ದು 4,000 ಆಗುತ್ತದೆ, ಅಷ್ಟೇ. ತಿಂಗಳ ಕೊನೆಗೆ ಕೈ ಖಾಲಿಯಾಗಿ ಕಾರ್ಡ್ ಉಜ್ಜುತ್ತಿರುವ ಮನುಷ್ಯನಿಗೆ ಬೇಕಿರುವುದು ತಿಂಗಳಿಗೆ ಉಸಿರಾಡಲು ಜಾಗ. ಬಡ್ಡಿ ಲೆಕ್ಕ ಎಕ್ಸೆಲ್‌ನಲ್ಲಿ ಚೆನ್ನಾಗಿರುತ್ತದೆ, ಸಂಸಾರದಲ್ಲಿ ಅಲ್ಲ.

ಲೆಕ್ಕದ_ಮೇಷ್ಟ್ರು
@ದಾವಣಗೆರೆ_ಬೆಣ್ಣೆ ಬೈಕಿನ ಕೊನೆ ಹತ್ತು ಕಂತು ಅಂದರೆ 32,000. ಈಗ ಮುಗಿಸಲು 30,000. ಉಳಿಯುವ ಬಡ್ಡಿ 2,000. ಅದರಲ್ಲೂ ಮೊದಲೇ ಮುಗಿಸುವ ಶುಲ್ಕ ಅಂತ ಅವರು ಒಂದಿಷ್ಟು ಕಿತ್ತುಕೊಳ್ಳುತ್ತಾರೆ. ಅದೇ 30,000 ಕಾರ್ಡಿಗೆ ಹಾಕಿದರೆ ತಿಂಗಳಿಗೆ 1,239 ಉಳಿತಾಯ, ಹತ್ತು ತಿಂಗಳಿಗೆ 12,390. ಹತ್ತು ಸಾವಿರ ರೂಪಾಯಿಯನ್ನು ಸುಮ್ನೆ ಬಿಟ್ಟುಕೊಡಿ ಅನ್ನುತ್ತಿದ್ದೀರಾ?

ದಾವಣಗೆರೆ_ಬೆಣ್ಣೆ
@ಲೆಕ್ಕದ_ಮೇಷ್ಟ್ರು ಆ 3,200 ಕೈಗೆ ಬಂದರೆ ಕಾರ್ಡ್ ಉಜ್ಜುವುದು ನಿಲ್ಲುತ್ತದೆ. ಅದರ ಲೆಕ್ಕ ಎಲ್ಲಿ ಹಾಕಿದ್ದೀರಿ?

ಲೆಕ್ಕದ_ಮೇಷ್ಟ್ರು
ನಿಲ್ಲುತ್ತದೆ ಅಂತ ಯಾರು ಹೇಳಿದ್ದು? 3,200 ಕೈಯಲ್ಲಿದ್ದರೆ 3,200 ಖರ್ಚಾಗುತ್ತದೆ.

ಬಿಸಿಲೂರು_ಹೈದ
ಇವರಿಬ್ಬರೂ ಪ್ರತಿ ಥ್ರೆಡ್‌ನಲ್ಲೂ ಹೀಗೇ. ಕಾಫಿ ತರಿಸಲಾ?

ಮಲ್ಲಿಗೆ_ಮನೆ
ಮನೆಯಲ್ಲಿ ಚಿನ್ನ ಇಲ್ವಾ? ಕಾರ್ಡ್ ಬಾಕಿಗೆ ಇರುವ ಅತಿ ಸುಲಭದ ದಾರಿ ಅದು. 40 ಪರ್ಸೆಂಟಿನ ಸಾಲವನ್ನು 10 ಪರ್ಸೆಂಟಿನ ಸಾಲವಾಗಿ ಬದಲಾಯಿಸುವುದು. ಬೋನಸ್‌ನಲ್ಲಿ 30,000 ಕಾರ್ಡಿಗೆ ಕಟ್ಟಿ. ಉಳಿದ 80,000ಕ್ಕೆ ಬ್ಯಾಂಕಿನಲ್ಲಿ ಒಂದು ಸರ ಅಡ ಇಡಿ. ಬಡ್ಡಿ ತಿಂಗಳಿಗೆ 670ರ ಆಸುಪಾಸು. ಈಗ ಕಟ್ಟುತ್ತಿರುವ 5,500ನ್ನು ಹಾಗೇ ಚಿನ್ನದ ಸಾಲಕ್ಕೆ ಕಟ್ಟಿದರೆ ಒಂದೂವರೆ ವರ್ಷದೊಳಗೆ ಸರ ವಾಪಸ್ ಮನೆಗೆ. ಬೈಕಿನ 3,200 ಮುಗಿದ ಮೇಲೆ ಇನ್ನೂ ಬೇಗ.

ಅಡುಗೆಮನೆ_ಅರ್ಥಮಂತ್ರಿ
ನಾನು ಕಾಯುತ್ತಿದ್ದೆ, ಯಾರು ಮೊದಲು ಸರದ ಮೇಲೆ ಕಣ್ಣು ಹಾಕುತ್ತಾರೆ ಅಂತ.

ಮಲ್ಲಿಗೆ ಅಕ್ಕ, ಲೆಕ್ಕ ಸರಿ ಇದೆ. ಇಲ್ಲ ಅನ್ನುವುದಿಲ್ಲ. ಆದರೆ ಆ ಸರ ಯಾರದ್ದು? ಅವರ ಹೆಂಡತಿಯ ತವರಿನದ್ದೇ ಇರುತ್ತದೆ. ನಮ್ಮ ಕಡೆ ನೋಡಿದ್ದೇನೆ, ಸಂಸಾರಕ್ಕೆ ಅಂತ ಒಮ್ಮೆ ಬ್ಯಾಂಕಿಗೆ ಹೋದ ಚಿನ್ನ ವರ್ಷ ವರ್ಷ ಬಡ್ಡಿ ಮಾತ್ರ ಕಟ್ಟಿಸಿಕೊಂಡು ಅಲ್ಲೇ ಕೂರುತ್ತದೆ. ಮದುವೆ ಮನೆಗೆ ಹೋಗುವಾಗ ಹೆಂಗಸರು ಉಮಾ ಗೋಲ್ಡ್ (ಗಿಲೀಟು ಒಡವೆ) ಹಾಕಿಕೊಂಡು ಹೋಗುತ್ತಾರೆ, ಗಂಡಸರಿಗೆ ಅದು ಗೊತ್ತೂ ಆಗುವುದಿಲ್ಲ.

ಇಡುವುದೇ ಆದರೆ ಸಾಲ ಹೆಂಡತಿ ಹೆಸರಲ್ಲಿ ಇರಲಿ. ರಸೀದಿ ಅವರ ಕೈಯಲ್ಲಿ ಇರಲಿ. ಕಟ್ಟುವ ದಿನ ಸಂಬಳದ ಮರುದಿನ ಇರಲಿ. ಮತ್ತೆ ಅವರನ್ನು ಕೇಳಿ. ಇಲ್ಲಿ ನಮ್ಮನ್ನು ಕೇಳಿದರೆ ಸಾಲದು.

ನಿವೃತ್ತ_ಬ್ಯಾಂಕಿಗ
ಅರ್ಥಮಂತ್ರಿಗಳು ಹೇಳಿದ್ದು ನೂರಕ್ಕೆ ನೂರು ನಿಜ. ಕೌಂಟರಿನ ಆ ಕಡೆ ಕೂತು ಅದನ್ನೇ ನೋಡಿದ್ದು.

ಚಿನ್ನದ ಸಾಲದ ಬಗ್ಗೆ ಕೆಲವು ವಿಷಯ. ಆರ್‌ಬಿಐನ ಹೊಸ ನಿಯಮ, ಅದನ್ನು ಜಾರಿ ಮಾಡಲು ಸಾಲ ಕೊಡುವವರಿಗೆ 2026ರ ಏಪ್ರಿಲ್ 1 ಗಡುವು. ಅದರ ಪ್ರಕಾರ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85 ಪರ್ಸೆಂಟ್‌ವರೆಗೆ ಕೊಡಬಹುದು. ಎರಡೂವರೆಯಿಂದ ಐದು ಲಕ್ಷಕ್ಕೆ 80, ಅದರ ಮೇಲೆ 75. ಕೊಡಬಹುದು ಅಂದರೆ ತೆಗೆದುಕೊಳ್ಳಲೇಬೇಕು ಅಂತಲ್ಲ. ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಿ. ಸಾಲ ತೀರಿಸಿದ ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು. ತಪ್ಪು ಅವರದ್ದಾಗಿ ತಡವಾದರೆ ದಿನಕ್ಕೆ 5,000 ಪರಿಹಾರ.

ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಬಗೆ ತೆಗೆದುಕೊಳ್ಳಬೇಡಿ. ಕೈಗೆ ಬಂದಾಗ ಬಂದಷ್ಟು ಕಟ್ಟಿಕೊಂಡು ಹೋಗಬಹುದಾದ ಖಾತೆ ಇದೆಯಾ ಅಂತ ಕೇಳಿ. ಒಡವೆ ತೂಗುವಾಗ ಎದುರಿಗೇ ನಿಂತಿರಿ. ಕಲ್ಲಿನ ತೂಕ ಕಳೆಯುತ್ತಾರೆ, ಎಷ್ಟು ಕಳೆದರು ಅಂತ ಬರೆಸಿಕೊಳ್ಳಿ.

ಗುಡುಗು_ಸಿಡಿಲು
ಇಷ್ಟೆಲ್ಲ ಯಾಕೆ? ಸರ್ಕಾರ ಕಾನೂನು ತಂದಿದೆಯಲ್ಲ. ಸಂಘದ ಸಾಲ ಕಟ್ಟಬೇಡಿ. ಮನೆ ಹತ್ತಿರ ಬಂದರೆ ಪೊಲೀಸಿಗೆ ಫೋನ್ ಮಾಡಿ. ವಾರಕ್ಕೆ 900 ಉಳಿಯಿತು.

ರಾಯಚೂರು_ರೊಟ್ಟಿ
@ಗುಡುಗು_ಸಿಡಿಲು ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಆ ಕಾನೂನು ನಾನು ಪೂರ್ತಿ ಓದಿದ್ದೇನೆ.

ಮೈಕ್ರೋಫೈನಾನ್ಸ್ (ಸಂಘದ ಸಾಲದಂಥ ಸಣ್ಣ ಸಾಲ) ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರು. ಮಾರ್ಚ್ ಅಧಿವೇಶನದಲ್ಲಿ ಮಸೂದೆ ಪಾಸಾಯಿತು. ಅದರಲ್ಲಿ ಇರುವುದು ಕಿರುಕುಳ ಕೊಟ್ಟು ವಸೂಲಿ ಮಾಡುವವರಿಗೆ ಶಿಕ್ಷೆ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸಾಲ ಮನ್ನಾ ಅನ್ನುವುದು ಲೈಸೆನ್ಸ್, ನೋಂದಣಿ ಇಲ್ಲದೆ ಬಡವರಿಗೆ ಸಾಲ ಕೊಟ್ಟವರ ವಿಷಯದಲ್ಲಿ ಮಾತ್ರ. ಆರ್‌ಬಿಐನಲ್ಲಿ ನೋಂದಣಿ ಇರುವ ಕಂಪನಿ, ಬ್ಯಾಂಕಿನ ಸಾಲ ಎಲ್ಲೂ ಹೋಗುವುದಿಲ್ಲ.

ನಮ್ಮ ಕಡೆ ಆ ವರ್ಷ ಮನೆಗೆ ಬೀಗ ಹಾಕಿ ಊರು ಬಿಟ್ಟವರು ಎಷ್ಟೋ ಜನ. ಅಂಥವರಿಗೆ ಆ ಕಾನೂನು ಬೇಕಿತ್ತು. ಕಟ್ಟುವ ಶಕ್ತಿ ಇರುವವರು ತಪ್ಪಿಸಿಕೊಳ್ಳಲು ಅಲ್ಲ.

ಇನ್ನೊಂದು. ಸಂಘದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದ ಹೆಂಗಸರ ಮೇಲೆ ಬೀಳುತ್ತದೆ. ಇವರ ಹೆಂಡತಿ ವಾರದ ಮೀಟಿಂಗ್‌ನಲ್ಲಿ ಅವರ ಮುಖ ನೋಡಬೇಕು. ಅದನ್ನು ಯಾವ ಕಾನೂನೂ ಸರಿ ಮಾಡಲ್ಲ.

ಗುಡುಗು_ಸಿಡಿಲು
ಸರಿ ಸರಿ. ನಾನು ಟಿವಿಯಲ್ಲಿ ನೋಡಿದ್ದು ಹೇಳಿದೆ. ಮೈಮೇಲೆ ಬರಬೇಡಿ.

ಕರಾವಳಿ_ಕಾಕ
ಚೀಟಿ ಹಾಕಿಲ್ವಾ ನೀವು? ನಮ್ಮ ಊರಲ್ಲಿ ಇಂಥ ಸಂದರ್ಭಕ್ಕೆ ಚೀಟಿ ಎತ್ತುತ್ತಾರೆ. ಮೂರು ಲಕ್ಷದ ಚೀಟಿ ಮೊದಲ ತಿಂಗಳಲ್ಲೇ ಕೂಗಿ ಎತ್ತಿದರೆ ಕಾರ್ಡ್, ಬೈಕ್, ಸಂಘ ಎಲ್ಲ ಒಂದೇ ಏಟಿಗೆ.

ಮಲ್ನಾಡ್_ಮಳೆ
@ಕರಾವಳಿ_ಕಾಕ ಮೊದಲ ತಿಂಗಳು ಎತ್ತಬೇಕಾದರೆ ಜೋರಾಗಿ ಕೂಗಬೇಕು. ಮೂರು ಲಕ್ಷದ ಚೀಟಿಯಲ್ಲಿ ಕೈಗೆ ಎರಡು, ಎರಡು ಕಾಲು ಬಂದರೆ ಹೆಚ್ಚು. ಬಿಟ್ಟುಕೊಟ್ಟ ಆ ದುಡ್ಡೇ ಬಡ್ಡಿ. ಮುಂದೆ ಪೂರ್ತಿ ಕಂತು ಕಟ್ಟುತ್ತಾ ಇರಬೇಕು. ತಿಂಗಳಿಗೆ 1,300 ಉಳಿಯುವ ಮನೆಯಲ್ಲಿ ಚೀಟಿ ಕಂತು ಎಲ್ಲಿಂದ?

ಬಿಸಿಲೂರು_ಹೈದ
ಚೀಟಿ ನಡೆಸುವವರೇ ರಾತ್ರೋರಾತ್ರಿ ಗಾಡಿ ಕಟ್ಟಿದರೆ? ನಮ್ಮ ಬೀದಿಯಲ್ಲಿ ಆಗಿದೆ. "ಪರಿಚಯದವರು, ನಮ್ಮ ಜನ" ಅಂತ ಹಾಕಿದವರೆಲ್ಲ ಈಗ ಪೇಪರ್ ಹಿಡಿದು ಠಾಣೆ ಸುತ್ತುತ್ತಿದ್ದಾರೆ.

ಕರಾವಳಿ_ಕಾಕ
ಅದಕ್ಕೇ ನೋಂದಣಿ ಇರುವ ಚೀಟಿಗೆ ಹಾಕಬೇಕು ಮಾರಾಯ್ರೆ. 1982ರ ಚಿಟ್ ಫಂಡ್ ಕಾಯ್ದೆ ಯಾಕಿದೆ? ಸರ್ಕಾರದ ಎಂಎಸ್‌ಐಎಲ್ ಚೀಟಿಯೇ ಇದೆಯಲ್ಲ.

ದಾವಣಗೆರೆ_ಬೆಣ್ಣೆ
ಎಂಎಸ್‌ಐಎಲ್‌ನಲ್ಲಿ ಎತ್ತಿದ ಮೇಲೆ ಜಾಮೀನು ಕೊಡಬೇಕು. ಸಂಬಳದವರ ಜಾಮೀನು ಹುಡುಕಿ ಹುಡುಕಿ ನನ್ನ ಸ್ನೇಹಿತರೆಲ್ಲ ಫೋನ್ ಎತ್ತುವುದು ಬಿಟ್ಟರು.

ಅಡುಗೆಮನೆ_ಅರ್ಥಮಂತ್ರಿ
ಚೀಟಿ ಚರ್ಚೆಗೆ ಬೇರೆ ಥ್ರೆಡ್ ಮಾಡಿ. ಇಲ್ಲಿ ಮನೆ ಖರ್ಚು ಯಾರೂ ನೋಡಲೇ ಇಲ್ಲ.

ಆರು ಜನಕ್ಕೆ 10,500 ದಿನಸಿ ಹಾಲು ಗ್ಯಾಸ್ ಎಲ್ಲ ಸೇರಿ ಅಂದರೆ ಅವರ ಹೆಂಡತಿಗೆ ಕೈ ಮುಗಿಯಬೇಕು. ತೆಂಗಿನಕಾಯಿ ರೇಟ್ ನೋಡಿದ್ದೀರಾ? ಅಲ್ಲಿ ಕತ್ತರಿ ಹಾಕಲು ಏನೂ ಇಲ್ಲ. "ಹಾಲು ಕಮ್ಮಿ ಮಾಡಿ" ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ರೆಡಿ.

ಮಾತ್ರೆ 2,500 ಮಾತ್ರ ಕಣ್ಣಿಗೆ ಬಿತ್ತು. ಬಿಪಿ, ಶುಗರ್ ಮಾತ್ರೆ ಆದರೆ ಡಾಕ್ಟರ್ ಹತ್ತಿರ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ. ನಮ್ಮ ಅತ್ತೆಯವರ ಮಾತ್ರೆ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಿತು. ಎಲ್ಲ ಮಾತ್ರೆಯೂ ಸಿಗಲ್ಲ, ಸಿಕ್ಕಷ್ಟು ತರುವುದು.

ಮತ್ತೆ ನಿಮ್ಮ ಪಟ್ಟಿಯಲ್ಲಿ ಮುಯ್ಯಿ ಎಲ್ಲಿ? ಗೌರಿ ಗಣೇಶ ಎಲ್ಲಿ? ಜೂನ್‌ನಲ್ಲಿ ಯೂನಿಫಾರ್ಮ್, ಪುಸ್ತಕ ಎಲ್ಲಿ? ಬೈಕ್ ಇನ್ಶೂರೆನ್ಸ್ ಎಲ್ಲಿ? 1,300 ಉಳಿಯದೆ ಹೋಗುವುದು ಇವುಗಳಿಂದಲೇ. ತಿಂಗಳಿಗೆ ಒಮ್ಮೆ ಬರುವ ಖರ್ಚನ್ನು ಎಲ್ಲರೂ ಬರೆಯುತ್ತಾರೆ. ವರ್ಷಕ್ಕೊಮ್ಮೆ ಬರುವುದನ್ನು ಬರೆಯುವುದಿಲ್ಲ, ಆಮೇಲೆ ಅದಕ್ಕೆ ಕಾರ್ಡ್ ಹೊರಗೆ ಬರುತ್ತದೆ.

ಹಾಸನದ_ಹುಡುಗ
@ಅಡುಗೆಮನೆ_ಅರ್ಥಮಂತ್ರಿ ಮುಯ್ಯಿ ಬರೆದೇ ಇಲ್ಲ, ನಿಜ. ತಂಗಿ ಮದುವೆಗೆ ಹಾಕಿದವರ ಪುಸ್ತಕ ಅಮ್ಮನ ಬೀರುವಿನಲ್ಲಿದೆ. ಯಾರ ಮನೆ ಕಾರ್ಡ್ ಬಂದರೂ ಅಮ್ಮ ಮೊದಲು ಆ ಪುಸ್ತಕ ತೆಗೆಯುತ್ತಾರೆ. ಅವರು ಸಾವಿರ ಹಾಕಿದ್ದರೆ ನಾವು ಸಾವಿರದ ಮೇಲೆ ಹಾಕಬೇಕು. ಈ ಸೀಸನ್‌ನಲ್ಲಿ ಸಾಲು ಸಾಲು ಮದುವೆ ಇದೆ.

ಬಿಸಿಲೂರು_ಹೈದ
ಮುಯ್ಯಿ ಕೂಡ ಸಾಲವೇ ಅಲ್ವಾ ಹಾಗಾದರೆ? ಆರನೇ ಸಾಲ. ಮಾತಿಲ್ಲದ ಕರಾರು, ಮೇಲೆ ಬಡ್ಡಿ ಬೇರೆ.

ರಾಯಚೂರು_ರೊಟ್ಟಿ
ಮುಯ್ಯಿಯನ್ನು ತಮಾಷೆ ಮಾಡಬೇಡಿ. ನಮ್ಮ ಮನೆಯ ಎರಡು ಮದುವೆ ಬ್ಯಾಂಕ್ ಸಾಲ ಇಲ್ಲದೆ ಆಗಿದ್ದೇ ಅದರಿಂದ. ಕೊಡುವ ಸರದಿ ಬಂದಾಗ ಮಾತ್ರ ಎಲ್ಲರಿಗೂ ಅದು ಹಳೆ ಪದ್ಧತಿ.

ಲೋನ್_ಬೇಗ_ಸಿಗುತ್ತೆ
[ಈ ಪ್ರತಿಕ್ರಿಯೆಯನ್ನು ತೆಗೆದುಹಾಕಲಾಗಿದೆ]

ಮಾಡರೇಟರ್
ಸಾಲದ ಆ್ಯಪ್ ಲಿಂಕ್ ಹಾಕಿದ್ದ ಖಾತೆಯನ್ನು ಬ್ಲಾಕ್ ಮಾಡಿದ್ದೇವೆ. ಯಾರಾದರೂ ಈಗಾಗಲೇ ಒತ್ತಿದ್ದರೆ ಕಾಂಟ್ಯಾಕ್ಟ್, ಗ್ಯಾಲರಿ ಅನುಮತಿ ಕೊಡಬೇಡಿ. ನೋಂದಾಯಿತ ಸಂಸ್ಥೆಗಳ ಪರವಾಗಿ ಸಾಲ ಕೊಡುವ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ಆರ್‌ಬಿಐ ವೆಬ್‌ಸೈಟಿನಲ್ಲೇ ಇದೆ, ಅಲ್ಲಿ ಹೆಸರು ನೋಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಮಂಡ್ಯ_ಮಾತು
ನನ್ನದು ಬೇರೆ ಪ್ರಶ್ನೆ. ಕಾರ್ಡ್ ಕಂಪನಿಯವರೇ ಫೋನ್ ಮಾಡಿ "ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿ ಸಾಕು" ಅನ್ನುತ್ತಾರಲ್ಲ, ಅದು ಒಳ್ಳೆಯದಲ್ವಾ? ಇವರಿಗೂ 55,000ದಲ್ಲಿ ಮುಗಿಯುತ್ತದೆ.

ನಿವೃತ್ತ_ಬ್ಯಾಂಕಿಗ
@ಮಂಡ್ಯ_ಮಾತು ಅದು ಕಂತು ತಪ್ಪಿಸಿ ತಿಂಗಳುಗಟ್ಟಲೆ ಆದವರಿಗೆ ಬರುವ ಫೋನ್. ಇವರು ಸರಿಯಾಗಿ ಕಟ್ಟುತ್ತಿದ್ದಾರೆ, ಇವರಿಗೆ ಯಾರೂ ಬಿಡುವುದಿಲ್ಲ. ಸೆಟಲ್ ಮಾಡಿದರೆ ಸಿಬಿಲ್ (ನಿಮ್ಮ ಸಾಲದ ಇತಿಹಾಸದ) ವರದಿಯಲ್ಲಿ "ಕ್ಲೋಸ್ಡ್" ಅಂತ ಬರುವ ಜಾಗದಲ್ಲಿ "ಸೆಟಲ್ಡ್" ಅಂತ ಬರುತ್ತದೆ. ಮುಂದೆ ಮನೆ ಸಾಲ ಕೇಳಲು ಹೋದಾಗ ಮ್ಯಾನೇಜರ್ ಆ ಒಂದು ಪದ ನೋಡಿ ಫೈಲ್ ಮಡಚುತ್ತಾರೆ. ಬೇರೆ ದಾರಿಯೇ ಇಲ್ಲದವರಿಗೆ ಅದು ಸರಿ. ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ, ಎಲ್ಲರೂ ಒಮ್ಮೆ ತೆಗೆದು ನೋಡಿ.

ವಸೂಲಿಯವರು ಕಾಟ ಕೊಟ್ಟರೆ: ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಮೊದಲು ಬ್ಯಾಂಕಿಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಮಲ್ಲಿಗೆ_ಮನೆ
ಪರ್ಸನಲ್ ಲೋನ್ ಬೇಗ ಮುಗಿಸಿದರೆ ಶುಲ್ಕ ಇಲ್ಲ ಅಂತ ಹೊಸ ನಿಯಮ ಬಂದಿದೆಯಂತೆ?

ಲೆಕ್ಕದ_ಮೇಷ್ಟ್ರು
@ಮಲ್ಲಿಗೆ_ಮನೆ 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಣವಾದ ಸಾಲಕ್ಕೆ ಅದು. ಅದೂ ಏರಿಳಿಯುವ ಬಡ್ಡಿಯ ಸಾಲಕ್ಕೆ. ಪರ್ಸನಲ್ ಲೋನ್ ಹೆಚ್ಚಾಗಿ ನಿಗದಿತ ಬಡ್ಡಿಯದ್ದು, ಅದಕ್ಕೆ ಶುಲ್ಕ ಹಾಕಬಹುದು. ಕರಾರು ಪತ್ರ ನೋಡಬೇಕು. ಹೇಗೂ 15 ಪರ್ಸೆಂಟಿನದ್ದು ಸದ್ಯ ಅದರ ಪಾಡಿಗೆ ಓಡಲಿ.

ಬಿಎಂಟಿಸಿ_ಕಿಟಕಿ_ಸೀಟು
ಎಲ್ಲರೂ ಬಡ್ಡಿ ಲೆಕ್ಕ ಹಾಕಿ ಭಾವನನ್ನು ಪಟ್ಟಿಯ ಕೊನೆಗೆ ತಳ್ಳಿದ್ದೀರಿ. ಬಡ್ಡಿ ಇಲ್ಲ, ಹಾಗಾಗಿ ಕೊನೆ. ಇದು ನನಗೆ ಸರಿ ಕಾಣಲ್ಲ.

ಬ್ಯಾಂಕು ಕಂತು ತಪ್ಪಿದರೆ ಮೆಸೇಜ್ ಕಳಿಸುತ್ತದೆ. ಭಾವ ಮೆಸೇಜ್ ಕಳಿಸಲ್ಲ, ಹಬ್ಬಕ್ಕೆ ಬರುವುದು ಕಮ್ಮಿ ಮಾಡುತ್ತಾರೆ. ನಡುವೆ ಸಿಕ್ಕಿಕೊಳ್ಳುವುದು ಅಕ್ಕ. ಆಪರೇಷನ್ ಹೊತ್ತಿಗೆ ಪತ್ರ ಕೇಳದೆ ಒಂದೂವರೆ ಲಕ್ಷ ಕೊಟ್ಟವರು ಅವರು. ಅವರಿಗೆ ಈಗ ನಿಜವಾದ ಅಗತ್ಯ ಇದೆ. ಕೇಳದೆ ಇರುವುದು ಅವರ ದೊಡ್ಡತನ. ಅದನ್ನೇ ವಾಯಿದೆ ಅಂದುಕೊಂಡರೆ ಹೇಗೆ?

ಲೆಕ್ಕದ_ಮೇಷ್ಟ್ರು
ಭಾವನಿಗೆ 40,000 ಕೊಟ್ಟರೆ ಅವರ ಅಂತಸ್ತು ಏಳುವುದಿಲ್ಲ, ಇವರ ಕಾರ್ಡ್ ಇಳಿಯುವುದಿಲ್ಲ.

ಬಿಎಂಟಿಸಿ_ಕಿಟಕಿ_ಸೀಟು
@ಲೆಕ್ಕದ_ಮೇಷ್ಟ್ರು ನಿಮ್ಮ ಭಾವ ಪುಣ್ಯವಂತರು.

ಮಲ್ನಾಡ್_ಮಳೆ
ಇಬ್ಬರೂ ಹೇಳುವುದರಲ್ಲಿ ಅರ್ಥ ಇದೆ. ನನ್ನ ಪ್ರಕಾರ ಭಾವನಿಗೆ ಬೇಕಿರುವುದು ತಾರೀಖು. ಹೋಗಿ ಎದುರಿಗೆ ಕೂತು ಮಾತಾಡಿ. "ಭಾವ, ಈಗ ಇಷ್ಟು ಕಷ್ಟದಲ್ಲಿದ್ದೇನೆ, ಬೈಕ್ ಕಂತು ಮುಗಿದ ತಿಂಗಳಿಂದ ಪ್ರತಿ 5ನೇ ತಾರೀಖು ಇಷ್ಟು ಹಾಕುತ್ತೇನೆ" ಅನ್ನಿ. ಹೇಳಿದ ಮೇಲೆ ತಪ್ಪಿಸಬೇಡಿ. ಮನೆ ಕಟ್ಟಿಸುವವರಿಗೆ ಯಾವ ದುಡ್ಡು ಯಾವಾಗ ಬರುತ್ತದೆ ಅನ್ನುವುದು ಗೊತ್ತಿದ್ದರೆ ಸಾಕು, ಮೇಸ್ತ್ರಿಗೆ ಹಾಗೇ ಹೇಳಿಕೊಳ್ಳುತ್ತಾರೆ. ಏನೂ ಹೇಳದೆ ಮುಖ ತಪ್ಪಿಸಿ ಓಡಾಡುವುದು ಕೆಟ್ಟದ್ದು.

ಅಡುಗೆಮನೆ_ಅರ್ಥಮಂತ್ರಿ
ತಿಂಗಳಿಗೆ ಎರಡು ಮೂರು ಸಾವಿರ ಅಂತ ಚಿಲ್ಲರೆಯಾಗಿ ಕೊಡಬೇಡಿ. ನೆಂಟರಿಗೆ ಚಿಲ್ಲರೆ ಕೊಟ್ಟರೆ ಅದು ಅವರ ತರಕಾರಿಗೆ ಹೋಗುತ್ತದೆ, "ಕೊಟ್ಟೇ ಇಲ್ಲ" ಅನ್ನಿಸಿಬಿಡುತ್ತದೆ. ಕೂಡಿಟ್ಟು 25, 30 ಸಾವಿರದ ಲೆಕ್ಕದಲ್ಲಿ ಕೊಡಿ. ಖಾತೆಗೇ ಹಾಕಿ.

ಮಲ್ನಾಡ್_ಮಳೆ
ಕೂಡಿಡಲು ಆಗುತ್ತಿದ್ದರೆ ಈ ಥ್ರೆಡ್ಡೇ ಇರುತ್ತಿರಲಿಲ್ಲ ಅಕ್ಕ.

ಕರಾವಳಿ_ಕಾಕ
ಅಪ್ಪನ ಆಪರೇಷನ್‌ಗೆ ಸಾಲ ಆಯಿತು ಅಂದಿರಲ್ಲ, ಆಯುಷ್ಮಾನ್ ಕಾರ್ಡ್ ಇರಲಿಲ್ವಾ? ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಎಪಿಎಲ್ ಆದರೂ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಬೇರೆ ಇದೆ. ಊರಲ್ಲಿ ಹಾಲಿನ ಡೇರಿಗೆ ಹಾಲು ಹಾಕುವ ಅಪ್ಪ ಅಮ್ಮ ಇದ್ದರೆ ಅದನ್ನು ಕೇಳಿ. ಸಾಲ ತೀರಿಸುವ ಮಧ್ಯದಲ್ಲಿ ಇನ್ನೊಂದು ಆಸ್ಪತ್ರೆ ಬಿಲ್ ಬಂದರೆ ಇಲ್ಲಿನ ಲೆಕ್ಕವೆಲ್ಲ ಕೆಡುತ್ತದೆ.

ಹಾಸನದ_ಹುಡುಗ
@ಕರಾವಳಿ_ಕಾಕ ನಮ್ಮದು ಎಪಿಎಲ್. ಆಗ ಅವಸರದಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿ ಆ ಯೋಜನೆ ಇರಲಿಲ್ಲ. ಅಪ್ಪ ಊರಲ್ಲಿದ್ದಾಗ ಡೇರಿ ಸದಸ್ಯರಾಗಿದ್ದರು. ಯಶಸ್ವಿನಿ ವಿಚಾರಿಸುತ್ತೇನೆ.

ಎಲ್ಲರದ್ದೂ ಓದಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಹೆಂಡತಿಗೂ ಓದಿ ಹೇಳಿದೆ. ಅವಳು ಎರಡು ಕಡೆ ನಿಲ್ಲಿಸಿದಳು. ಕಾರ್ಡಿನ ಬೇಳೆ ಲೆಕ್ಕ ಬಂದಾಗ "ಇನ್ನೊಂದು ಸಲ ಓದಿ" ಅಂದಳು. ಉಮಾ ಗೋಲ್ಡ್ ಅಂದಾಗ ಜೋರಾಗಿ ನಕ್ಕಳು.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಬೋನಸ್‌ನಲ್ಲಿ 10,000 ಮುಟ್ಟದೆ ಬೇರೆ ಖಾತೆಯಲ್ಲಿ, ಮುಯ್ಯಿ ಮತ್ತು ಜೂನ್ ಖರ್ಚಿಗೆ. 30,000 ಕಾರ್ಡಿಗೆ. ಉಳಿದ 80,000ಕ್ಕೆ ಅವಳ ಹೆಸರಲ್ಲೇ ಚಿನ್ನದ ಸಾಲ. ಅವಳು ಹಾಕಿದ ಷರತ್ತು: ಸರ ಅಲ್ಲ, ಮಕ್ಕಳ ನಾಮಕರಣಕ್ಕೆ ಬಂದ ಉಂಗುರ, ಓಲೆ ಮತ್ತು ಒಂದು ಬಳೆ. ಸರ ಕುತ್ತಿಗೆಯಲ್ಲೇ ಇರುತ್ತದಂತೆ. ಭಾನುವಾರ ಭಾವನ ಮನೆಗೆ ಹೋಗುತ್ತೇನೆ.

ದಾವಣಗೆರೆ_ಬೆಣ್ಣೆ
ಬೈಕ್ ಸಾಲದ ಬಗ್ಗೆ ಯಾರೂ ನನ್ನ ಮಾತು ಕೇಳಲಿಲ್ಲ. ಇರಲಿ.

ನಿವೃತ್ತ_ಬ್ಯಾಂಕಿಗ
ಮಕ್ಕಳ ಉಂಗುರ ಓಲೆ ಸಣ್ಣ ಸಣ್ಣವು, ಕಲ್ಲು ಅರಗು ಕಳೆದರೆ ತೂಕ ಇಳಿಯುತ್ತದೆ. 80,000 ಬರದಿದ್ದರೆ ಬಂದಷ್ಟು ತೆಗೆದುಕೊಳ್ಳಿ, ಉಳಿದದ್ದನ್ನು ಕಾರ್ಡಿನವರ ಹತ್ತಿರ ಕಂತು ಮಾಡಿಸಿ. ಕಾರ್ಡ್ ಬಡ್ಡಿಗಿಂತ ಅದು ಕಮ್ಮಿಯೇ ಇರುತ್ತದೆ. ಶುಲ್ಕ ಎಷ್ಟು ಅಂತ ಕೇಳಿ ಒಪ್ಪಿಕೊಳ್ಳಿ.

ಮಂಡ್ಯ_ಮಾತು
ಬಾಕಿ ಸೊನ್ನೆ ಆದ ಮೇಲೆ ಕಾರ್ಡ್ ಮುಚ್ಚಿಸಬೇಕಾ, ಇಟ್ಟುಕೊಳ್ಳಬೇಕಾ?

ಲೆಕ್ಕದ_ಮೇಷ್ಟ್ರು
ಇಟ್ಟುಕೊಳ್ಳಲಿ. ಹಳೆ ಕಾರ್ಡ್ ಇದ್ದರೆ ಸಿಬಿಲ್ ಸ್ಕೋರಿಗೆ ಒಳ್ಳೆಯದು. ಮಿತಿ 20,000ಕ್ಕೆ ಇಳಿಸಿದರೆ ಸಾಕು.

ಅಡುಗೆಮನೆ_ಅರ್ಥಮಂತ್ರಿ
ಮುಚ್ಚಿಸಲಿ. ಸ್ಕೋರ್ ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕಾ?

ನಿವೃತ್ತ_ಬ್ಯಾಂಕಿಗ
ಮುಚ್ಚಿಸುವುದಾದರೆ ಬಾಕಿ ಪೂರ್ತಿ ಕಟ್ಟಿ ಅರ್ಜಿ ಕೊಟ್ಟ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಕಾರ್ಡಿಗೆ ಜೋಡಿಸಿರುವ ಫೋನ್ ರೀಚಾರ್ಜ್, ಟಿವಿ ಆ್ಯಪ್ ಎಲ್ಲ ಮೊದಲೇ ಬಿಡಿಸಿಕೊಳ್ಳಿ. ಫೋನಿನಲ್ಲಿ "ಸರ್, ನಿಮಗೆ ಮಿತಿ ಎರಡು ಲಕ್ಷ ಮಾಡಿಕೊಡುತ್ತೇವೆ, ಮುಚ್ಚಬೇಡಿ" ಅನ್ನುತ್ತಾರೆ. ಆಗ ಫೋನ್ ಹೆಂಡತಿಗೆ ಕೊಡಿ.

ಬಿಸಿಲೂರು_ಹೈದ
ಮುಚ್ಚುವ ಮುಂಚೆ ರಿವಾರ್ಡ್ ಪಾಯಿಂಟ್ ಎಷ್ಟಿದೆ ನೋಡಿಕೊಳ್ಳಿ ಅಣ್ಣ. ಅಷ್ಟು ಬಡ್ಡಿ ಕಟ್ಟಿದ್ದಕ್ಕೆ ಒಂದು ಕುಕ್ಕರ್ ಆದರೂ ಬರಬೇಕು.